ಶಾಂತಿನಿಕೇತನದ ಕಲಾಭವನ: ಸಲಕರಣೆಗಳ ಹಿನ್ನೆಲೆಯಲ್ಲಿ ಒಂದು ಅವಲೋಕನ

ಆಧುನಿಕ ಭಾರತೀಯ ಕಲೆಯ ಚರಿತ್ರೆಯನ್ನು ಬರೆದವರು ಕಲಾವಿದರ ಜೀವನ, ಶೈಲಿ ಹಾಗೂ ರಾಷ್ಟ್ರೀಯತೆಯ ಪ್ರಶ್ನೆಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಕಲಾವಿದ ಕುಳಿತು ಕೆಲಸ ಮಾಡಿದ ಕೋಣೆ, ಅಲ್ಲಿದ್ದ ಮೇಜು, ಉಳಿ, ಮುದ್ರಣಯಂತ್ರ, ಕುಲುಮೆ ಇವುಗಳ ಸಂಗತಿ ಮಾತ್ರ ಬಹುಮಟ್ಟಿಗೆ ಅಡಿಟಿಪ್ಪಣಿಗೆ ಸರಿದಿದೆ. ಒಬ್ಬಂಟಿಯಾಗಿ ದುಡಿಯುವ ಕಲಾವಿದನ ವಿಚಾರದಲ್ಲಿ ಇದು ಸಹ್ಯವಾದ ಲೋಪವೆನ್ನಬಹುದು. ಕಲೆಯನ್ನು ಕಲಿಸುವ ಸಂಸ್ಥೆಯ ವಿಚಾರದಲ್ಲಿ ಹಾಗಲ್ಲ. ಸಂಸ್ಥೆ ಯಾವ ಸಲಕರಣೆಯನ್ನು ಕೊಳ್ಳುತ್ತದೆ, ಯಾವುದನ್ನು ಬಿಡುತ್ತದೆ, ಯಾವುದಕ್ಕೆ ಹಣ ಸಾಲದೆ ಕೈಕಟ್ಟಿ ಕೂರುತ್ತದೆ ಎಂಬುದರ ಮೇಲೆ ಅಲ್ಲಿನ ವಿದ್ಯಾರ್ಥಿಯ ಕಲ್ಪನೆಯ ಎಲ್ಲೆ ನಿಂತಿರುತ್ತದೆ. ವಿಶ್ವಭಾರತಿ ವಿಶ್ವವಿದ್ಯಾಲಯದ ಕಲಾಭವನದ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ.

ಕಲಾಭವನವನ್ನು ಅರಿಯಲು ಮೊದಲು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯತ್ತ ನೋಡಬೇಕು. 1854ರಲ್ಲಿ ಕೈಗಾರಿಕಾ ಕಲೆಯ ಶಾಲೆಯಾಗಿ ಆರಂಭಗೊಂಡ ಈ ಸಂಸ್ಥೆ ಮುಂದಿನ ದಶಕದಲ್ಲಿ ಸರ್ಕಾರದ ವಶಕ್ಕೆ ಬಂದಿತು. ಯುರೋಪಿನ ಪ್ರಾಚೀನ ಶಿಲ್ಪಗಳ ಪ್ಲಾಸ್ಟರ್ ಪ್ರತಿಕೃತಿಗಳು, ಪಾಶ್ಚಾತ್ಯ ವರ್ಣಚಿತ್ರಗಳ ನಕಲುಗಳು, ಈಸೆಲ್, ತೈಲವರ್ಣ ಇವೇ ಅಂದಿನ ಕಲಾಶಾಲೆಯ ಆಸ್ತಿ. ವಿದ್ಯಾರ್ಥಿಯ ಮೊದಲ ಗುರು ಆ ಬಿಳಿಯ ಪ್ರತಿಕೃತಿಯೇ ಆಗಿತ್ತು. ಅದರ ನೆರಳು ಬೆಳಕುಗಳನ್ನು ಕಾಗದಕ್ಕೆ ಇಳಿಸುವುದೇ ಶಿಕ್ಷಣವೆನಿಸಿತ್ತು. 1896ರಲ್ಲಿ ಶಾಲೆಯ ಹೊಣೆ ಹೊತ್ತ ಇ. ಬಿ. ಹ್ಯಾವೆಲ್ ಕ್ರಮೇಣ ಈ ಸಂಗ್ರಹವನ್ನು ತೆರವುಗೊಳಿಸಿ, ಅದರ ಸ್ಥಾನದಲ್ಲಿ ಭಾರತೀಯ ಚಿತ್ರ, ಶಿಲ್ಪ ಹಾಗೂ ಕುಶಲವಸ್ತುಗಳನ್ನು ತಂದಿರಿಸಲು ತೊಡಗಿದರು. ಇದನ್ನು ವಿರೋಧಿಸಿದವರು ಇಂಗ್ಲಿಷ್ ಅಧಿಕಾರಿಗಳಲ್ಲ, ಬಂಗಾಳಿ ವಿದ್ಯಾರ್ಥಿಗಳೇ ಎಂಬುದು ಗಮನಾರ್ಹ. ಉನ್ನತವಾದ ಪಾಶ್ಚಾತ್ಯ ವಿದ್ಯೆಯಿಂದ ತಮ್ಮನ್ನು ದೂರವಿರಿಸುವ ಹುನ್ನಾರವಿದು ಎಂದು ಅವರು ಬಗೆದರು. ಒಂದು ಗುಂಪು ಹೊರನಡೆದು ರಣದಾಪ್ರಸಾದ ಗುಪ್ತರ ನೇತೃತ್ವದಲ್ಲಿ ಬೇರೊಂದು ಶಾಲೆಯನ್ನೇ ತೆರೆಯಿತು. ಸಲಕರಣೆಯ ಪ್ರಶ್ನೆ ಕೇವಲ ದಾಸ್ತಾನಿನ ಪ್ರಶ್ನೆಯಲ್ಲ ಎಂಬುದಕ್ಕೆ ಈ ಘಟನೆಯೇ ಸಾಕ್ಷಿ.

ಹ್ಯಾವೆಲ್ ಹಾಗೂ ಅವನೀಂದ್ರನಾಥ ಠಾಕೂರರು ರೂಪಿಸಿದ ಈ ಹೊಸ ವಾತಾವರಣದಲ್ಲಿ ಪಳಗಿದವರು ನಂದಲಾಲ್ ಬೋಸ್. ಮೈಸೂರು ಅರಸರ ನೆರವಿನಿಂದ 1909ರಲ್ಲಿ ಕಲ್ಕತ್ತೆಗೆ ತೆರಳಿದ ಕೆ. ವೆಂಕಟಪ್ಪನವರು ಕಲಿತದ್ದೂ ಅವನೀಂದ್ರನಾಥರ ಬಳಿಯಲ್ಲಿಯೇ. ಇಬ್ಬರ ಮುಂದಿನ ದಾರಿಗಳು ಬೇರೆಯಾದವು. ವೆಂಕಟಪ್ಪನವರು ಕರ್ನಾಟಕಕ್ಕೆ ಮರಳಿ ಏಕಾಂತ ಸಾಧಕರಾಗಿ ಜಲವರ್ಣದಲ್ಲಿಯೂ ಪ್ಲಾಸ್ಟರಿನ ಉಬ್ಬುಶಿಲ್ಪದಲ್ಲಿಯೂ ಪರಿಣತಿಯನ್ನು ಮೆರೆದರು. ನಂದಲಾಲರಿಗೆ ಒಂದು ಸಂಸ್ಥೆಯನ್ನು ಕಟ್ಟುವ ಹೊಣೆ ಒದಗಿಬಂತು.

ರವೀಂದ್ರನಾಥ ಠಾಕೂರರು 1919ರಲ್ಲಿ ಕಲಾಭವನವನ್ನು ಸ್ಥಾಪಿಸಿದರು. ಮುಂದಿನ ದಶಕದ ಆರಂಭದಲ್ಲಿ ಅದರ ಚುಕ್ಕಾಣಿ ಹಿಡಿದ ನಂದಲಾಲರು 1951ರವರೆಗೂ ಅದನ್ನು ನಡೆಸಿದರು. ಸರ್ಕಾರದ ಅನುದಾನವಾಗಲಿ ಹೊರದೇಶದಿಂದ ತರಿಸಿದ ಪ್ರತಿಕೃತಿಗಳ ಕೋಣೆಯಾಗಲಿ ಅಲ್ಲಿರಲಿಲ್ಲ. ವಿದ್ಯಾರ್ಥಿಗಳು ನೆಲದ ಮೇಲೆ ಕುಳಿತು, ತಗ್ಗು ಮೇಜಿನ ಮೇಲೆ ಕಾಗದ ಹರಡಿ ಜಲವರ್ಣದಲ್ಲಿ ಬರೆಯುತ್ತಿದ್ದರು. ಕೋಣೆಯ ಹೊರಗೆ ಕೆಂಪು ಜಂಬಿಟ್ಟಿಗೆ ಮಣ್ಣಿನ ಬಯಲು, ಸಂತಾಲರ ಹಳ್ಳಿಗಳು, ತಾಳೆಮರಗಳು. ಮಾದರಿಗಾಗಿ ಬೇರೆಲ್ಲಿಯೂ ಹುಡುಕಬೇಕಿರಲಿಲ್ಲ.

ಸಲಕರಣೆಯ ಕೊರತೆಯನ್ನು ನಂದಲಾಲರು ತುಂಬಿದ ಬಗೆ ಯೋಚನಾರ್ಹವಾದುದು. ಅವರು ವಸ್ತುವಿಗಿಂತ ಮೊದಲು ವಸ್ತುವನ್ನು ಬಲ್ಲವರನ್ನು ಕರೆತಂದರು. ಫ್ರಾನ್ಸಿನ ಕಲಾವಿದೆ ಆಂದ್ರೆ ಕಾರ್ಪೆಲೆಸ್ 1920ರ ದಶಕದ ಆರಂಭದಲ್ಲಿ ಅಲ್ಲಿ ಮರದಚ್ಚಿನ ಕಲೆಯನ್ನು ಕಲಿಸಿದರು. ಮರದಚ್ಚಿಗಾಗಲಿ ಲಿನೋಕಟ್ಟಿಗಾಗಲಿ ದೊಡ್ಡ ಯಂತ್ರ ಬೇಕಿಲ್ಲ. ಕೆತ್ತಲು ಒಂದೆರಡು ಉಳಿ, ಶಾಯಿ ಹಚ್ಚಲು ಉರುಳೆ, ಕಾಗದದ ಬೆನ್ನಿನ ಮೇಲೆ ಉಜ್ಜಲು ಒಂದು ಚಮಚ ಇದ್ದರೆ ಅಚ್ಚು ಮೂಡುತ್ತದೆ. 1930ರಲ್ಲಿ ದಂಡಿಯಾತ್ರೆಯ ಸಂದರ್ಭಕ್ಕಾಗಿ ನಂದಲಾಲರು ರಚಿಸಿದ ಗಾಂಧೀಜಿಯವರ ಲಿನೋಕಟ್, ಕರಿಯ ಹಿನ್ನೆಲೆಯಲ್ಲಿ ಕೋಲು ಹಿಡಿದು ನಡೆಯುವ ಬಿಳಿಯ ರೇಖಾಕೃತಿ, ಇಂತಹ ಅಲ್ಪ ಸಾಧನಗಳ ಫಲ. ಅದೇ ವರ್ಷ ಪ್ರಕಟವಾದ ರವೀಂದ್ರರ ಬಾಲಪಾಠ ‘ಸಹಜ ಪಾಠ’ದ ಚಿತ್ರಗಳೂ ಲಿನೋಕಟ್ಟುಗಳೇ. ಮಾಧ್ಯಮವು ಅಗ್ಗವಾಗಿದ್ದುದರಿಂದ ಚಿತ್ರವು ಮಕ್ಕಳ ಕೈಗೂ ಬೀದಿಯ ಗೋಡೆಗೂ ತಲುಪಲು ಸಾಧ್ಯವಾಯಿತು.

ಭಿತ್ತಿಚಿತ್ರದ ವಿಚಾರದಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. 1920ರ ದಶಕದ ಉತ್ತರಾರ್ಧದಲ್ಲಿ ಜಯಪುರದಿಂದ ನರಸಿಂಗಲಾಲ್ ಎಂಬ ಸಾಂಪ್ರದಾಯಿಕ ಕುಶಲಕರ್ಮಿಯನ್ನು ಶಾಂತಿನಿಕೇತನಕ್ಕೆ ಬರಮಾಡಿಕೊಳ್ಳಲಾಯಿತು. ಸುಣ್ಣವನ್ನು ಬಹುಕಾಲ ನೆನೆಹಾಕಿ ಹದಗೊಳಿಸುವುದು, ಅಮೃತಶಿಲೆಯ ಪುಡಿ ಬೆರೆಸಿ ಗಾರೆ ಮಾಡುವುದು, ಗಾರೆ ಹಸಿಯಾಗಿರುವಾಗಲೇ ಬಣ್ಣ ತೊಡೆಯುವುದು, ಅಕೀಕು ಕಲ್ಲಿನಿಂದ ಉಜ್ಜಿ ಕೊಬ್ಬರಿ ಎಣ್ಣೆ ಸವರಿ ಹೊಳಪು ತರುವುದು, ಇದು ಜಯಪುರದ ಪದ್ಧತಿ. ಪದವಿಯಿಲ್ಲದ ಕುಶಲಿಯೊಬ್ಬ ಅಧ್ಯಾಪಕರಿಗೇ ಪಾಠ ಹೇಳಿದ ಪ್ರಸಂಗವಿದು. ವಿದ್ಯಾಲಯದ ಗೋಡೆಗಳೇ ಅಭ್ಯಾಸದ ಹಲಗೆಗಳಾದವು. ಹಸಿಗಾರೆಯ ಮೇಲೆ ಬರೆಯುವ ವಿದ್ಯೆಯನ್ನು ಬಿನೋದ್‌ಬಿಹಾರಿ ಮುಖರ್ಜಿ ತಮ್ಮದೇ ಪ್ರಯೋಗಗಳಿಂದ ಬೆಳೆಸಿದರು. ಹಿಂದಿ ಭವನದ ಮೂರು ಗೋಡೆಗಳ ಮೇಲೆ 1946–47ರಲ್ಲಿ ಅವರು ರಚಿಸಿದ ಮಧ್ಯಕಾಲೀನ ಸಂತರ ಜೀವನ ಭಾರತದ ಆಧುನಿಕ ಭಿತ್ತಿಚಿತ್ರಗಳಲ್ಲಿ ಅಗ್ರಗಣ್ಯವಾದುದು. ಹಸಿಗಾರೆ ಒಣಗುವ ಮುನ್ನ ದಿನದ ಪಾಲು ಮುಗಿಯಬೇಕು. ತಿದ್ದಲು ಅವಕಾಶವಿಲ್ಲ. ಹುಟ್ಟಿನಿಂದಲೇ ದೃಷ್ಟಿಮಾಂದ್ಯವಿದ್ದ ಕಲಾವಿದರೊಬ್ಬರು ಇಂತಹ ನಿಷ್ಠುರ ಮಾಧ್ಯಮವನ್ನು ಒಲಿಸಿಕೊಂಡರೆಂಬುದನ್ನು ಇಲ್ಲಿ ನೆನೆಯಬೇಕು.

ಶಿಲ್ಪದಲ್ಲಿ ಸಮಸ್ಯೆ ಇನ್ನೂ ಕಠಿಣವಾದುದು. ಕಾಗದ, ಸುಣ್ಣ, ಮರದ ತುಂಡುಗಳನ್ನು ಹೊಂದಿಸಿದಷ್ಟು ಸುಲಭವಾಗಿ ಕಂಚನ್ನು ಹೊಂದಿಸಲಾಗದು. ದೊಡ್ಡ ಲೋಹಶಿಲ್ಪಕ್ಕೆ ಕುಲುಮೆ ಬೇಕು, ಎರಕದವರು ಬೇಕು, ಎಲ್ಲಕ್ಕೂ ಮಿಗಿಲಾಗಿ ಹಣ ಬೇಕು. 1925ರಲ್ಲಿ ಬಾಂಕುಡಾದಿಂದ ವಿದ್ಯಾರ್ಥಿಯಾಗಿ ಬಂದ ರಾಮಕಿಂಕರ್ ಬೈಜ್ ಅವರಿಗೆ ಇವು ಯಾವುವೂ ಇರಲಿಲ್ಲ. ಅವರು ಆಯ್ದುಕೊಂಡದ್ದು ಸಿಮೆಂಟು ಹಾಗೂ ಕಾಲಡಿಯ ಜಂಬಿಟ್ಟಿಗೆ ಹರಳು. ಕಬ್ಬಿಣದ ಸರಳುಗಳಿಂದ ಹಂದರ ಕಟ್ಟಿ, ಹರಳು ಬೆರೆತ ಹಸಿ ಸಿಮೆಂಟನ್ನು ಮುಷ್ಟಿಯಲ್ಲಿ ಹಿಡಿದು ಅದರ ಮೇಲೆ ಎಸೆದು, ಗಟ್ಟಿಯಾಗುತ್ತಿದ್ದಂತೆ ಕೆತ್ತಿ ರೂಪ ಕೊಡುವುದು ಅವರ ವಿಧಾನ. 1935ರ ‘ಸುಜಾತಾ’, 1938ರ ‘ಸಂತಾಲ್ ಕುಟುಂಬ’, 1956ರ ‘ಗಿರಣಿಯ ಕರೆ’ ಈ ಬಗೆಯ ಕೃತಿಗಳು. ಅಡ್ಡೆಯಲ್ಲಿ ಮಗುವನ್ನು ಹೊತ್ತು ಊರು ಬಿಟ್ಟು ನಡೆಯುವ ಸಂತಾಲ ದಂಪತಿಗಳ ಮೈ ಅವರು ತುಳಿದ ನೆಲದ ಹರಳಿನಿಂದಲೇ ಆಗಿದೆ. ಅಮೃತಶಿಲೆಯ ನುಣುಪಿನಲ್ಲಿ ಇದೇ ವಸ್ತುವನ್ನು ಕಲ್ಪಿಸಿಕೊಂಡರೆ ಕೃತಿಯ ಅರ್ಥವೇ ಬೇರೆಯಾಗುತ್ತದೆ.

ಹಾಗೆಂದು ಬಡತನವೇ ಮಹತ್ಕಲೆಯನ್ನು ಹಡೆಯಿತು ಎಂದು ಕೊಂಡಾಡುವುದು ಅವಸರದ ತೀರ್ಮಾನವಾದೀತು. ರಾಮಕಿಂಕರರಿಗೆ ಮೊದಲೇ ಶಿಲ್ಪತಂತ್ರದ ಪರಿಚಯವಿತ್ತು. ಊರಿನಲ್ಲಿ ಮೂರ್ತಿ ಮಾಡುವವರನ್ನು ನೋಡಿ ಬೆಳೆದ ಅವರು ಶಾಂತಿನಿಕೇತನಕ್ಕೆ ಬಂದುಹೋದ ಯುರೋಪಿನ ಶಿಲ್ಪಿಗಳಿಂದಲೂ ಕಲಿತಿದ್ದರು. ವಿದ್ಯೆಯಿದ್ದಲ್ಲಿ ಕೊರತೆಯು ಹೊಸ ದಾರಿಯನ್ನು ತೋರಿಸಬಲ್ಲದು. ವಿದ್ಯೆಯೂ ಇಲ್ಲದಿದ್ದರೆ ಕೊರತೆ ಕೊರತೆಯಾಗಿಯೇ ಉಳಿಯುತ್ತದೆ. ಅಲ್ಲದೆ ಈ ಆಯ್ಕೆಗೆ ತೆತ್ತ ಬೆಲೆಯೂ ಉಂಟು. ಬಯಲಿನಲ್ಲಿ ನಿಂತ ಸಿಮೆಂಟು ಮಳೆಬಿಸಿಲಿಗೆ ಬಿರಿಯುತ್ತದೆ. ಬಿರುಕಿನಿಂದ ನೀರು ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿದರೆ, ಅದು ಉಬ್ಬಿ ಸಿಮೆಂಟನ್ನು ಒಳಗಿನಿಂದಲೇ ಸೀಳುತ್ತದೆ. ಋತ್ವಿಕ್ ಘಟಕ್ 1975ರಲ್ಲಿ ಚಿತ್ರೀಕರಿಸಿದ ಸಾಕ್ಷ್ಯಚಿತ್ರದಲ್ಲಿ ರಾಮಕಿಂಕರರು, ಸೋರುವ ಮಾಡಿಗೆ ತಮ್ಮ ತೈಲಚಿತ್ರಗಳ ಕ್ಯಾನ್ವಾಸನ್ನೇ ಹೊದಿಸಿದ್ದನ್ನು ನಗುತ್ತ ಹೇಳುತ್ತಾರೆ. ನೋಡುಗನಿಗೆ ಆ ನಗು ಹಗುರವಾಗಿ ತೋರುವುದಿಲ್ಲ.

1930ರ ದಶಕದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಕಟ್ಟಿದ ‘ಕಾಲೊ ಬಾಡಿ’ (ಕರಿಮನೆ) ಇದೇ ಪ್ರಶ್ನೆಗೆ ಇನ್ನೊಂದು ಉತ್ತರ. ವಿದ್ಯಾರ್ಥಿನಿಲಯವಾಗಿ ಬಳಕೆಯಾದ ಈ ಮಣ್ಣಿನ ಮನೆಯ ಗೋಡೆಗಳ ಮೇಲೆ ಭಾರ್ಹುತ್, ಈಜಿಪ್ಟ್ ಮುಂತಾದ ಪ್ರಾಚೀನ ಶಿಲ್ಪಪರಂಪರೆಗಳನ್ನು ನೆನಪಿಸುವ ಉಬ್ಬುಶಿಲ್ಪಗಳಿವೆ. ಮಳೆಯಿಂದ ರಕ್ಷಿಸಲು ಗೋಡೆಗೆಲ್ಲ ಡಾಂಬರು ಬಳಿಯಲಾಗಿದೆ. ಕಲ್ಕತ್ತೆಯಲ್ಲಿ ಹೊರಗಿನಿಂದ ತಂದಿರಿಸಿದ ಪ್ಲಾಸ್ಟರ್ ಪ್ರತಿಕೃತಿಗಳಿಗೆ ಇದನ್ನು ಹೋಲಿಸಿ ನೋಡಬೇಕು. ಜಗತ್ತಿನ ಶಿಲ್ಪಚರಿತ್ರೆ ಇಲ್ಲಿಯೂ ಪಾಠವಾಗಿದೆ. ಆದರೆ ವಿದ್ಯಾರ್ಥಿಗಳೇ ಮಣ್ಣು ಮೆತ್ತಿ ಅದನ್ನು ರಚಿಸಿದ್ದಾರೆ, ಅದರ ನಡುವೆಯೇ ಮಲಗಿ ಎದ್ದಿದ್ದಾರೆ.

1951ರಲ್ಲಿ ವಿಶ್ವಭಾರತಿ ಸಂಸತ್ತಿನ ಕಾಯಿದೆಯ ಮೂಲಕ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ನಂದಲಾಲರು ನಿವೃತ್ತರಾದದ್ದೂ ಅದೇ ವರ್ಷ. ಆಶ್ರಮದ ಕಾರ್ಯಶಾಲೆ ಕ್ರಮೇಣ ವಿಶ್ವವಿದ್ಯಾಲಯದ ವಿಭಾಗದ ರೂಪ ತಾಳಿತು. 1960ರ ದಶಕದ ಕೊನೆಗೆ ಮುದ್ರಣಕಲೆಯ ವಿಭಾಗಕ್ಕೆ ಬಂದ ಸೋಮನಾಥ ಹೋರ್ ಎಚಿಂಗ್ ಮೊದಲಾದ ತಂತ್ರಗಳಲ್ಲಿ ನುರಿತವರು. ಎಚಿಂಗ್‌ಗೆ ಲೋಹದ ಫಲಕ, ಆಮ್ಲ, ಭಾರವಾದ ಮುದ್ರಣಯಂತ್ರ ಅನಿವಾರ್ಯ. ಇಲ್ಲಿ ಚಮಚದಿಂದ ಕೆಲಸ ಸಾಗದು. ಯಂತ್ರವನ್ನು ಬಲ್ಲ ಹೋರ್ ಅವರೇ 1970ರ ದಶಕದಲ್ಲಿ ಯಂತ್ರದ ಆಚೆಗೆ ಹೋದರು. ಜೇಡಿಮಣ್ಣಿನ ಹಲಗೆಯನ್ನು ಚಾಕುವಿನಿಂದ ಕೊಯ್ದು, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಅಚ್ಚಿನೊಳಗೆ ಕಾಗದದ ತಿರುಳನ್ನು ಒತ್ತಿ ಪಡೆದ ‘ಗಾಯಗಳು’ ಸರಣಿಯಲ್ಲಿ ಬಿಳಿಯ ಕಾಗದವೇ ಗಾಯಗೊಂಡ ಚರ್ಮದಂತೆ ಕಾಣುತ್ತದೆ. ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡು ಚಿತ್ರಿಸಿದ ಕಲಾವಿದರಿಗೆ ಈ ಮಾಧ್ಯಮ ಒದಗಿಬಂದದ್ದು ಆಕಸ್ಮಿಕವಲ್ಲ.

ಬಳಿಕ ಹೋರ್ ಕಂಚಿನತ್ತ ತಿರುಗಿದರು. ಮೇಣದ ಹಾಳೆಗಳನ್ನು ಕತ್ತರಿಸಿ, ಮಡಿಚಿ, ಬೆಸೆದು ಎರಕ ಹೊಯ್ಯುವುದು ಅವರ ಕ್ರಮ. ವಿಯೆಟ್ನಾಮಿನ ಜನರ ಹೋರಾಟಕ್ಕೆ ಅರ್ಪಿಸಿದ ‘ತಾಯಿ ಮತ್ತು ಮಗು’ ಎಂಬ ದೊಡ್ಡ ಕಂಚಿನ ಶಿಲ್ಪ 1977ರಲ್ಲಿ ಪೂರ್ಣಗೊಂಡ ಸ್ವಲ್ಪ ಸಮಯದಲ್ಲೇ ಕಲಾಭವನದಿಂದ ಕಳುವಾಯಿತು, ಮತ್ತೆ ಸಿಗಲಿಲ್ಲ. ರಾಮಕಿಂಕರರ ಸಿಮೆಂಟಿಗೆ ಕಾಲದ ಭಯವಿತ್ತು, ಕಳ್ಳರ ಭಯವಿರಲಿಲ್ಲ. ಕುಲುಮೆಯೊಂದನ್ನು ಹೊಂದಿದ ಮಾತ್ರಕ್ಕೆ ಕಲಾವಿಭಾಗದ ಹೊಣೆ ತೀರುವುದಿಲ್ಲ. ಬೆಲೆಬಾಳುವ ಸಾಮಗ್ರಿಯ ಜೊತೆಗೆ ಬೀಗ, ಕಾವಲು, ದಾಖಲೆಗಳ ಹೊರೆಯೂ ಬರುತ್ತದೆ.

ಈ ಪರಂಪರೆಯನ್ನು ಬೋಧನೆಯ ತತ್ತ್ವವಾಗಿ ವಿವರಿಸಿದವರು ಕೆ. ಜಿ. ಸುಬ್ರಮಣ್ಯನ್. 1944ರಲ್ಲಿ ಕಲಾಭವನದ ವಿದ್ಯಾರ್ಥಿಯಾಗಿ ಸೇರಿದ ಅವರು ಬರೋಡದ ಲಲಿತಕಲಾ ವಿಭಾಗದಲ್ಲಿ ದೀರ್ಘಕಾಲ ಬೋಧಿಸಿ, 1980ರಲ್ಲಿ ಪ್ರಾಧ್ಯಾಪಕರಾಗಿ ಶಾಂತಿನಿಕೇತನಕ್ಕೆ ಮರಳಿದರು. ಕುಶಲಕಲೆ ಹಾಗೂ ಕಲೆ ಎಂಬ ಭೇದವನ್ನು ಒಪ್ಪದ ಅವರು ಆಟಿಕೆ, ನೇಯ್ಗೆ, ಸುಟ್ಟಮಣ್ಣಿನ ಉಬ್ಬುಶಿಲ್ಪಗಳಲ್ಲಿ ಸಮಾನ ಆಸಕ್ತಿಯಿಂದ ದುಡಿದರು. ಭದ್ರಾವತಿಯಲ್ಲಿ ಜನಿಸಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಶೀಲಾ ಗೌಡ ಉನ್ನತ ವ್ಯಾಸಂಗ ಮಾಡಿದ್ದು ಇದೇ ಅವಧಿಯ ಶಾಂತಿನಿಕೇತನದಲ್ಲಿ. ವರ್ಣಚಿತ್ರಕಾರ್ತಿಯಾಗಿ ತರಬೇತಿ ಪಡೆದ ಅವರು 1990ರ ದಶಕದಲ್ಲಿ ಸಗಣಿ, ದಾರ, ಸೂಜಿ, ಕುಂಕುಮಗಳನ್ನು ಕಲೆಯ ಸಾಮಗ್ರಿಯಾಗಿಸಿದರು. ಇದನ್ನು ನೇರವಾಗಿ ಗುರುಕುಲದ ಪ್ರಭಾವವೆಂದು ಹೇಳಲಾಗದು. ಅವರ ಕಾಲದ ರಾಜಕೀಯ, ಸಾಮಾಜಿಕ ಒತ್ತಡಗಳೂ ಅದರ ಹಿಂದಿವೆ. ಆದರೂ ಅಂಗಡಿಯಲ್ಲಿ ದೊರೆಯುವ ಬಣ್ಣವೊಂದೇ ಸಾಮಗ್ರಿಯಲ್ಲ ಎಂಬ ಅರಿವಿಗೆ ಆ ಆವರಣದಲ್ಲಿ ಹಳೆಯ ಬೇರುಗಳಿದ್ದವು.

2023ರಲ್ಲಿ ಯುನೆಸ್ಕೋ ಶಾಂತಿನಿಕೇತನವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದರಿಂದ ಕಲಾಭವನದ ಮುಂದೆ ಒಂದು ಸೂಕ್ಷ್ಮವಾದ ಪ್ರಶ್ನೆ ಎದುರಾಗಿದೆ. ವಿದ್ಯಾರ್ಥಿಗಳು ಅಭ್ಯಾಸ ಮಾಡಿದ ಗೋಡೆ, ಎಸೆದು ಕಟ್ಟಿದ ಸಿಮೆಂಟು, ಡಾಂಬರು ಬಳಿದ ಮಣ್ಣು ಇವು ಈಗ ಸಂರಕ್ಷಿಸಬೇಕಾದ ವಸ್ತುಗಳು. ಮುಟ್ಟಿ ಕಲಿಯುವುದಕ್ಕೆಂದು ಹುಟ್ಟಿದ ಕಾರ್ಯಶಾಲೆ ಮುಟ್ಟಬಾರದ ಸ್ಮಾರಕವಾಗುವ ಸಾಧ್ಯತೆಯಿದೆ. ಕಾರ್ಯಶಾಲೆಯಾಗಿಯೇ ಬಿಟ್ಟರೆ ‘ಸಂತಾಲ್ ಕುಟುಂಬ’ ಮುಂದಿನ ಪೀಳಿಗೆಗೆ ಉಳಿಯುವುದು ಕಷ್ಟ. ಎರಡರಲ್ಲಿ ಒಂದನ್ನು ಸುಲಭವಾಗಿ ಆರಿಸುವಂತಿಲ್ಲ.

ಸುಬ್ರಮಣ್ಯನ್ ಅವರ ಒಂದು ಕೆಲಸ ಇಲ್ಲಿ ಸ್ಮರಣೀಯ. ಕಲಾಭವನದ ವಿನ್ಯಾಸ ವಿಭಾಗದ ಹೊರಗೋಡೆಗಳ ಮೇಲೆ ಅವರು 1990ರ ದಶಕದಲ್ಲಿ ಕಪ್ಪು ಬಿಳುಪಿನ ಭಿತ್ತಿಚಿತ್ರವನ್ನು ರಚಿಸಿದ್ದರು. ಮಳೆಬಿಸಿಲಿಗೆ ಅದು ಮಾಸಿದಾಗ, ಎಂಬತ್ತು ದಾಟಿದ ವಯಸ್ಸಿನಲ್ಲಿ ಅಟ್ಟಣೆ ಏರಿ ಅದೇ ಗೋಡೆಗಳ ಮೇಲೆ ಹೊಸದಾಗಿ ಬರೆದರು. ಹಬ್ಬಕ್ಕೆ ಗೋಡೆ ಸಾರಿಸಿ ಮತ್ತೆ ಹಸೆ ಬರೆಯುವ ಹಳ್ಳಿಯ ಹೆಂಗಸರ ರೀತಿಯೂ ಇದೇ. ಚಿತ್ರ ಅಳಿದರೂ ಬರೆಯಬಲ್ಲ ಕೈ ಉಳಿದಿರಬೇಕೆಂಬುದು ಅದರ ಆಧಾರ. ಸುಬ್ರಮಣ್ಯನ್ 2016ರಲ್ಲಿ ತೀರಿಕೊಂಡರು. ಆ ಗೋಡೆಗಳ ಬಣ್ಣ ಮುಂದೊಮ್ಮೆ ಮಾಸುವಾಗ, ಅದನ್ನು ಇದ್ದಂತೆಯೇ ತಿದ್ದಬೇಕೋ ಅಥವಾ ಅಂದಿನ ವಿದ್ಯಾರ್ಥಿಗಳ ಕೈಗೆ ಕುಂಚ ಕೊಡಬೇಕೋ ಎಂಬುದನ್ನು ಕಲಾಭವನವೇ ನಿರ್ಧರಿಸಬೇಕಾಗುತ್ತದೆ.