ಮೂರು ಮಸೂರಗಳ ಕಣ್ಣು

ಇತಿಹಾಸವನ್ನು ಬರೆಯುವವರು ಸಾಕ್ಷಿಗಳನ್ನು ವಿಚಾರಿಸುತ್ತಾರೆ. ಶಿಲಾಶಾಸನ ಒಂದು ಸಾಕ್ಷಿ, ತಾಮ್ರಪಟ ಒಂದು, ದಫ್ತರದ ಕಾಗದ ಒಂದು. ಈಚಿನ ನೂರೆಂಬತ್ತು ವರ್ಷಗಳಿಂದ ಇವುಗಳ ಸಾಲಿಗೆ ಛಾಯಾಚಿತ್ರವೂ ಬಂದು ನಿಂತಿದೆ. ಶಾಸನದ ಮಾತನ್ನು ಒಪ್ಪುವ ಮುನ್ನ ಅದನ್ನು ಬರೆಸಿದವರು ಯಾರು, ಕಂಡರಿಸಿದವರು ಯಾರು ಎಂದು ಕೇಳುತ್ತೇವೆ. ಛಾಯಾಚಿತ್ರವನ್ನು ಮಾತ್ರ ಏನೂ ಕೇಳದೆ ನಂಬಿಬಿಡುತ್ತೇವೆ. ಅದನ್ನು ಕಂಡ ಕಣ್ಣು ಎಂಥದು, ಆ ಕಣ್ಣು ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ನಮಗೆ ಹೊಳೆಯುವುದೇ ಅಪರೂಪ. ಅಂಥ ಒಂದು ಕಣ್ಣಿನ ಕಥೆಯನ್ನು, ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯನ್ನು ಎದುರಿಗಿಟ್ಟುಕೊಂಡು, ಈ ಹೊತ್ತು ಹೇಳಬೇಕೆಂದಿದ್ದೇವೆ.

ಈ ಮೂರು ಊರುಗಳೂ ಮೊದಲು ಬೊಂಬಾಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. 1997ರಿಂದ ಗದಗ ಜಿಲ್ಲೆಗೆ ಸೇರಿವೆ. ಮೈಸೂರಿನ ಕಡೆಯವರಿಗೆ ಇವು ಕೊಂಚ ದೂರವೆನಿಸಿದರೂ ನಮ್ಮ ಚರಿತ್ರೆಗೆ ದೂರವಲ್ಲ. 1787ರಲ್ಲಿ ಮರಾಠರಿಗೂ ಟೀಪೂ ಸುಲ್ತಾನನಿಗೂ ಆದ ಒಡಂಬಡಿಕೆಗೆ ಗಜೇಂದ್ರಗಡದ ಹೆಸರೇ ಇದೆ. ಗಜೇಂದ್ರಗಡಕ್ಕೆ ಸಮೀಪದ ಸೂಡಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಜೋಡುಕಲಶದ ಗುಡಿಯೂ ನಾಗಕುಂಡವೆಂಬ ಮೆಟ್ಟಿಲುಕೊಳವೂ ಉಂಟು. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆ 1858ರಲ್ಲಿ ಇಂಗ್ಲಿಷರ ಮೇಲೆ ಎದ್ದುದನ್ನೂ, ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿ ಹತನಾದುದನ್ನೂ, ಅದೇ ವರ್ಷದ ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾದುದನ್ನೂ ಬಲ್ಲವರು ಬಲ್ಲರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನರಗುಂದದ ದಂಗೆಗೆ ಮೂರು ವರ್ಷ ಮೊದಲೇ ಕನ್ನಡನಾಡಿಗೆ ಛಾಯಾಗ್ರಹಣ ಕಾಲಿಟ್ಟಿತ್ತು. 1855ರಲ್ಲಿ ಬೊಂಬಾಯಿ ಸರಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬುವನನ್ನು ತನ್ನ ಛಾಯಾಗ್ರಾಹಕನನ್ನಾಗಿ ನೇಮಿಸಿತು. ಆತನೂ ಆತನ ತರುವಾಯ ಬಂದ ಡಾಕ್ಟರ್ ಪಿಗೂ, ನೀಲ್ ಎಂಬವರೂ ಧಾರವಾಡ ಮೈಸೂರು ಸೀಮೆಗಳ ದೇವಾಲಯಗಳನ್ನು ಚಿತ್ರಿಸಿದರು. ಆ ಚಿತ್ರಗಳು ಮೆಡೋಸ್ ಟೇಲರನ ಮತ್ತು ಜೇಮ್ಸ್ ಫರ್ಗುಸನ್ನನ ಬರವಣಿಗೆಯೊಡನೆ 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಹೊರಬಂದವು. ಅಂದಿನ ಸಾಧನ ಭಾರವಾದದ್ದು. ಕಾಗದದ ಪಡಿಯಚ್ಚಿನ ಮೇಲೆ ಬಿಂಬ ಮೂಡಬೇಕಾದರೆ ನಿಮಿಷಗಟ್ಟಲೆ ಬೆಳಕು ಬೀಳಬೇಕಾಗಿತ್ತು. ಅಷ್ಟು ಹೊತ್ತು ಅಲುಗದೆ ನಿಲ್ಲಬಲ್ಲುದು ಕಲ್ಲು. ಖರ್ಚನ್ನು ಹೊರಬಲ್ಲುದು ಸರಕಾರ. ಆದುದರಿಂದ ಆ ಕಾಲದ ಚಿತ್ರಗಳಲ್ಲಿ ನಮಗೆ ಗುಡಿಗಳು ಸಿಕ್ಕುತ್ತವೆ. ಗುಡಿಯ ಮುಂದಿನ ಓಣಿಯಲ್ಲಿ ಬಾಳಿದ ಒಕ್ಕಲಿಗ, ನೇಕಾರ, ಬಾಣಂತಿ, ಮಗು ಸಿಕ್ಕುವುದಿಲ್ಲ. ಇವರು ಚಿತ್ರದೊಳಕ್ಕೆ ಬರಬೇಕಾದರೆ ಹಗುರವಾದ, ಅಗ್ಗವಾದ, ಆದರೂ ಸುಳ್ಳು ಹೇಳದ ಒಂದು ಕಣ್ಣು ಹುಟ್ಟಬೇಕಾಗಿತ್ತು.

ಆ ಕಣ್ಣಿಗೆ ಮಸೂರವೆಂದು ಹೆಸರು. ಈ ಹೆಸರೇ ಸ್ವಾರಸ್ಯವಾಗಿದೆ. ಮಸೂರವೆಂದರೆ ಚನ್ನಂಗಿ ಬೇಳೆ. ಯುರೋಪಿನವರ ಲೆನ್ಸ್ ಎಂಬ ಶಬ್ದಕ್ಕೂ ಲ್ಯಾಟಿನ್ನಿನಲ್ಲಿ ಅದೇ ಬೇಳೆಯೆಂದು ಅರ್ಥ. ನಡು ಉಬ್ಬಿ ಅಂಚು ತೆಳ್ಳಗಾದ ಈ ಗಾಜಿನ ಬೇಳೆ ಬೆಳಕನ್ನು ಕೂಡಿಸುತ್ತದೆ. ಕೂಡಿಸುವಾಗ ತಪ್ಪುಗಳನ್ನೂ ಮಾಡುತ್ತದೆ. ಚಿತ್ರಪಟ ಚಪ್ಪಟೆಯಾಗಿದ್ದರೆ ಒಂಟಿ ಮಸೂರದ ಬಿಂಬ ಬೋಗುಣಿಯ ಒಳಮೈಯಂತೆ ಬಾಗಿ ಬೀಳುತ್ತದೆ. ನಡುವೆ ಮುಖ ಸ್ಪಷ್ಟವಾದರೆ ಅಂಚಿನಲ್ಲಿ ಮಸಕು. ಒಂದು ಬಣ್ಣ ಕೂಡಿದ ಕಡೆ ಇನ್ನೊಂದು ಕೂಡದು. ಹತ್ತೊಂಬತ್ತನೆಯ ಶತಮಾನದ ನಡುವಣ ವರ್ಷಗಳಲ್ಲಿ ಜರ್ಮನಿಯ ಸೈಡೆಲ್ ಎಂಬ ಪಂಡಿತ ಈ ತಪ್ಪುಗಳನ್ನು ಐದೆಂದು ಎಣಿಸಿ ಲೆಕ್ಕ ಹಾಕಿದನು. ಬಣ್ಣದ ತಪ್ಪು ಎರಡನ್ನು ಸೇರಿಸಿದರೆ ಏಳು. ಇವನ್ನು ತಿದ್ದಲು ಕುಶಲರು ಗಾಜಿಗೆ ಗಾಜನ್ನು ಅಂಟಿಸುತ್ತ ಹೋದರು. 1892ರ ಹೊತ್ತಿಗೆ ಗೋರ್ಟ್ಸ್ ಕಂಪನಿಯ ಮಸೂರದಲ್ಲಿ ಆರು ತುಂಡುಗಳಿದ್ದವು. ಕಣ್ಣು ಒಳ್ಳೆಯದಾಯಿತು, ಬೆಲೆ ಮಾತ್ರ ಬಡವನ ಕೈಗೆ ಎಟುಕದಾಯಿತು.

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ದೂರದರ್ಶಕಗಳನ್ನು ತಯಾರಿಸುತ್ತಿದ್ದ ಕುಕ್ ಕಂಪನಿಯಲ್ಲಿ ಹೆರಾಲ್ಡ್ ಡೆನ್ನಿಸ್ ಟೇಲರ್ ಎಂಬವನಿದ್ದನು. ಎಷ್ಟು ಹೆಚ್ಚು ಗಾಜು ಬೇಕೆಂದು ಇತರರು ಯೋಚಿಸುತ್ತಿದ್ದಾಗ, ಎಷ್ಟು ಕಡಮೆ ಗಾಜಿನಿಂದ ಸಾಗೀತು ಎಂದು ಆತ ಯೋಚಿಸಿದನು. ಉಬ್ಬಿದ ಮಸೂರ ಒಂದು, ಅಷ್ಟೇ ಬಲದ ತಗ್ಗಿದ ಮಸೂರ ಒಂದು, ಇವೆರಡನ್ನು ಒತ್ತಾಗಿಟ್ಟರೆ ಒಂದರ ಕೆಲಸವನ್ನು ಇನ್ನೊಂದು ಅಳಿಸಿಬಿಡುತ್ತದೆ. ನಡುವೆ ಅಂತರ ಬಿಟ್ಟರೆ ಬೆಳಕು ಕೂಡುತ್ತದೆ, ಬಿಂಬದ ಬಾಗು ಮಾತ್ರ ಅಳಿಯುತ್ತದೆ. ಆತ ಉಬ್ಬು ಮಸೂರವನ್ನು ಎರಡಾಗಿ ಹಂಚಿ, ತಗ್ಗು ಮಸೂರದ ಹಿಂದೊಂದು ಮುಂದೊಂದು ನಿಲ್ಲಿಸಿದನು. ಮೂರು ಗಾಜು, ಆರು ಮೈ, ಎರಡು ಅಂತರ: ತಿದ್ದುವವನ ಕೈಗೆ ಎಂಟು ಹಿಡಿಗಳು ಸಿಕ್ಕಿದವು. ತಿದ್ದಬೇಕಾದ ತಪ್ಪುಗಳು ಏಳು. ಬೇಕಾದ ನಾಭಿದೂರವನ್ನು ಪಡೆಯುವುದು ಎಂಟನೆಯದು. ಲೆಕ್ಕ ಸರಿಹೋಯಿತು. 1893ರಲ್ಲಿ ಆತ ಪೇಟೆಂಟು ಪಡೆದನು. ಕುಕ್ ಕಂಪನಿ ಛಾಯಾಗ್ರಹಣದ ವ್ಯಾಪಾರಕ್ಕೆ ಇಳಿಯಲೊಲ್ಲದೆ ಹೋದುದರಿಂದ ಲೆಸ್ಟರಿನ ಟೇಲರ್ ಟೇಲರ್ ಹಾಬ್ಸನ್ ಎಂಬ ಬೇರೊಂದು ಮನೆತನದವರ ಕಾರ್ಖಾನೆ ಅದನ್ನು ತಯಾರಿಸಿತು. ಮೂರರಲ್ಲಿ ಒಂದೂ ನಿರ್ದೋಷಿಯಲ್ಲ. ಒಂದರ ದೋಷವನ್ನು ಇನ್ನೊಂದರ ದೋಷ ತೂಗಿ ನಿಲ್ಲಿಸುತ್ತದೆ. ಒಳ್ಳೆಯ ಸಂಸಾರದ ಗುಟ್ಟು ಕೂಡ ಇಷ್ಟೇ ಎಂದು ಹಿರಿಯರು ಹೇಳಿಯಾರು.

ಈ ರಚನೆ ಲೋಕವನ್ನೆಲ್ಲ ಸುತ್ತಿತು. 1902ರಲ್ಲಿ ಝೈಸ್ ಕಂಪನಿಯ ನಾಲ್ಕು ತುಂಡಿನ ಟೆಸ್ಸಾರ್ ಬಂದಮೇಲೂ ಮೂರರ ಮಸೂರ ಬದುಕಿ ಉಳಿದದ್ದು ಅಗ್ಗದ ಬೆಲೆಯಿಂದ. ತುಂಡುಗಳನ್ನು ಅಂಟಿಸುವ ಶ್ರಮವಿಲ್ಲ. ಮುಂದಿನ ಗಾಜೊಂದನ್ನೇ ತಿರುಗಿಸಿ ದೂರವನ್ನು ಹೊಂದಿಸಬಹುದು. ಟ್ರಿಯೋಪ್ಲಾನ್, ಟ್ರಿಯೋಟಾರ್, ರೇಡಿಯೋನಾರ್, ಕಸ್ಸಾರ್, ಅಗ್ನಾರ್, ಮೆರಿಟಾರ್ ಎಂದು ಜರ್ಮನಿಯ ಒಂದೊಂದು ಕಾರ್ಖಾನೆ ಒಂದೊಂದು ಹೆಸರಿಟ್ಟಿತು. ಮಡಿಸುವ ಕ್ಯಾಮೆರಾಗಳಲ್ಲಿ, ರಷ್ಯದ ಲುಬಿಟೆಲ್ಲಿನಲ್ಲಿ, ಜಪಾನಿನ ಯಾಷಿಕಾ 635ರಲ್ಲಿ ಈ ಮೂರು ಗಾಜುಗಳೇ ಕುಳಿತಿದ್ದವು. ನಮ್ಮಲ್ಲಿ ಮನೆಮಾತಾಗಿದ್ದ ಆಗ್ಫಾ ಕ್ಲಿಕ್ ಮೂರಕ್ಕೆ ಒಂದೇ ಗಾಜು. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗಬಯಸಿದವನಿಗೆ ದೊರೆಯುತ್ತಿದ್ದದ್ದು ಮೂರರ ಮಸೂರ. ಮದುವೆಯ ಗುಂಪು, ಶಾಲೆಯ ಗುಂಪು, ತೀರಿಹೋದ ಅಜ್ಜನ ಒಂದೇ ಒಂದು ಚಿತ್ರ, ಇಂಥವು ದಾಖಲೆಗೆ ಬಂದದ್ದು ಬಹುಮಟ್ಟಿಗೆ ಇಂಥ ಕಣ್ಣುಗಳಿಂದ. ಬಿಗ್ಸ್ ಮತ್ತು ಪಿಗೂ ಬಿಟ್ಟುಹೋದ ಓಣಿಯ ಜನ ಹೀಗೆ ಇತಿಹಾಸದೊಳಕ್ಕೆ ಬಂದರು.

ಈಗ ಈ ಮಸೂರಗಳಿಗೆ ಎರಡನೆಯ ಜನ್ಮ ಬಂದಿದೆ. ಹಳೆಯ ಪ್ರತಿಫಲನ ಕ್ಯಾಮೆರಾಗಳಲ್ಲಿ ಮಸೂರಕ್ಕೂ ಪಟಕ್ಕೂ ಸುಮಾರು 45 ಮಿಲಿಮೀಟರ್ ಅಂತರವಿರುತ್ತಿತ್ತು. ಕನ್ನಡಿಯಿಲ್ಲದ ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಅದು ಸುಮಾರು 18ರಿಂದ 20. ಉಳಿದ ಅಂತರವನ್ನು ಒಂದು ಲೋಹದ ಬಳೆಯಿಂದ ತುಂಬಿದರೆ ಹಳೆಯ ಕಣ್ಣು ಹೊಸ ದೇಹಕ್ಕೆ ಕೂಡುತ್ತದೆ. ಕೈಯಿಂದಲೇ ತಿರುಗಿಸಿ ಸ್ಪಷ್ಟಪಡಿಸಿಕೊಳ್ಳಬೇಕು, ಅವಸರ ಕೂಡದು. ರಂಧ್ರವನ್ನು ಪೂರ್ತಿ ತೆರೆದಾಗ ಹಿನ್ನೆಲೆಯ ಬೆಳಕಿನ ಚುಕ್ಕೆಗಳು ಸಾಬೂನಿನ ಗುಳ್ಳೆಗಳಂತೆ ಅಂಚುಕಟ್ಟಿ ತೇಲುತ್ತವೆ. ಟೇಲರನ ಸಂತತಿಯವರು ಲೆಕ್ಕದಲ್ಲಿ ಪೂರ್ತಿ ಅಳಿಸಲಾರದೆ ಉಳಿಸಿದ ತಪ್ಪೇ ಇದು. ಇಂದು ಸಂಗ್ರಾಹಕರು ಹಣ ಕೊಡುವುದು ಈ ತಪ್ಪಿಗಾಗಿ.

ನಾವು ಇಂಥ ಒಂದು ಮಸೂರವನ್ನು ಈ ಸೀಮೆಯಲ್ಲಿ ಹಿಡಿದು ನೋಡಿದ್ದೇವೆ. ಸೂಡಿಯ ನಾಗಕುಂಡದ ಗೋಡೆಯನ್ನು ಪೂರ್ತಿ ತೆರೆದ ರಂಧ್ರದಿಂದ ಕಂಡರೆ ನಡುವಣ ಕೆತ್ತನೆ ಉಳಿಯ ಗುರುತಿನೊಡನೆ ಎದ್ದು ನಿಲ್ಲುತ್ತದೆ, ಬದಿಯ ಕಲ್ಲುಗಳು ಮಂಜಿನಲ್ಲಿ ಕರಗುತ್ತವೆ. ಎಫ್/8ಕ್ಕೋ 11ಕ್ಕೋ ಇಳಿಸಿದರೆ ಮೂಲೆಯ ಕಲ್ಲೂ ಸಾಕ್ಷಿ ನುಡಿಯುತ್ತದೆ. ಕರಿಯ ಎರೆಯ ಬಯಲಿನ ನಡುವೆ ಒಂಟಿಯಾಗಿ ಎದ್ದ ನರಗುಂದದ ಗುಡ್ಡವನ್ನು ಹೊತ್ತಿಗೆದುರಾಗಿ ಚಿತ್ರಿಸಿದಾಗ ಪಟದ ಮೇಲೆ ಬೆಳಕಿನ ತೆರೆಯೊಂದು ಹರಡಿತು. ಲೇಪವಿಲ್ಲದ ಆರು ಮೈಗಳು ಬಂದ ಬೆಳಕಿನಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚನ್ನು ಅತ್ತಿತ್ತ ಚೆಲ್ಲುತ್ತವೆ. ಉತ್ತರದ ಬಿಸಿಲಿಗೆ ಮಸೂರಕ್ಕೊಂದು ನೆರಳುಕೊಳವೆ ಬೇಕೇ ಬೇಕು. ಗಜೇಂದ್ರಗಡದ ಕಾಲಕಾಲೇಶ್ವರನ ಮೆಟ್ಟಿಲುಗಳನ್ನು ಬೆಳಗಿನ ಅಡ್ಡಬಿಸಿಲಿನಲ್ಲಿ, ಸೂರ್ಯನನ್ನು ಬೆನ್ನಿಗೋ ಪಕ್ಕಕ್ಕೋ ಇಟ್ಟುಕೊಂಡು ಚಿತ್ರಿಸಿದರೆ ಬಂದ ಫಲಕ್ಕೆ ಹೊಸ ಮಸೂರವೂ ತಲೆದೂಗೀತು.

ಕೊಳ್ಳುವವರಿಗೆ ಎರಡು ಮಾತು. ಮಸೂರವನ್ನು ದೀಪಕ್ಕೆ ಹಿಡಿದು ಒಳಗೆ ಜೇಡನ ಬಲೆಯಂತೆ ಬೂಸು ಹಬ್ಬಿದೆಯೇ, ರಂಧ್ರದ ಎಸಳುಗಳಿಗೆ ಎಣ್ಣೆ ಹತ್ತಿದೆಯೇ, ಗಟ್ಟಿಯಾದ ಜಿಡ್ಡಿನಿಂದ ತಿರುಗುವುದು ತಡೆದಿದೆಯೇ ಎಂದು ನೋಡಬೇಕು. ಈ ರಚನೆಯಲ್ಲಿ ಅಂಟು ಇಲ್ಲದಿರುವುದರಿಂದ ಅಂಟು ಬಿಟ್ಟಿತೆಂಬ ಭಯವಿಲ್ಲ. ಆದರೆ ನಡುವಣ ಗಾಜು ಕೂದಲೆಳೆಯಷ್ಟು ಸರಿದರೂ ತೂಕ ಕೆಡುವುದರಿಂದ ಅನುಭವವಿಲ್ಲದವರು ಬಿಚ್ಚತಕ್ಕದ್ದಲ್ಲ. ಹಳೆಯ ಗಾಜಿನ ಮೇಲೆ ನೀಲಿಛಾಯೆಯ ಮಾಸಲು ಕಂಡರೆ ಅದನ್ನು ಉಜ್ಜಿ ತೆಗೆಯಬಾರದು. ಹೀಗೆ ಮಾಸಿದ ಗಾಜು ಹೊಸದಕ್ಕಿಂತ ಹೆಚ್ಚು ಬೆಳಕನ್ನು ಒಳಬಿಡುತ್ತದೆಂದು ಕಂಡವನು ಇದೇ ಡೆನ್ನಿಸ್ ಟೇಲರ್. 1904ರಲ್ಲಿ ಗಾಜನ್ನು ಬೇಕೆಂದೇ ಮಾಸಿಸುವ ವಿಧಾನಕ್ಕೂ ಪೇಟೆಂಟು ಪಡೆದನು. ಇಂದಿನ ಮಸೂರಗಳ ಮೇಲಿನ ಲೇಪಕ್ಕೆ ಇದೇ ಪೂರ್ವಜ.

ಇನ್ನು ನಮ್ಮ ಮುಖ್ಯವಾದ ಮಾತಿಗೆ ಬರೋಣ. ಮಸೂರಕ್ಕೆ ಬೆಲೆ ಬಂದಂತೆ ಅದನ್ನು ಹಳೆಯ ಕ್ಯಾಮೆರಾಗಳಿಂದಲೂ ಪ್ರೊಜೆಕ್ಟರುಗಳಿಂದಲೂ ಕಿತ್ತು ಮಾರುವುದು ರೂಢಿಯಾಗಿದೆ. ಆ ಕ್ಯಾಮೆರಾದ ಜೊತೆಗೆ ಟ್ರಂಕಿನ ತಳದಲ್ಲಿ ಒಂದು ಲಕೋಟೆಯಿರುತ್ತದೆ. ಅದರಲ್ಲಿ ಆರು ಸೆಂಟಿಮೀಟರ್ ಅಗಲದ ನೆಗೆಟಿವುಗಳು. ಅವನ್ನು ಕೇಳುವವರಿಲ್ಲ. ಗಾಜಿನ ಪಡಿಯಚ್ಚುಗಳನ್ನು ತೊಳೆದು ಚೌಕಟ್ಟಿನ ಗಾಜಾಗಿ ಬಳಸಿದ್ದು ಎಷ್ಟೋ ಊರುಗಳ ಕಥೆ. ಫಿಲ್ಮಾದರೋ ಸೆಕೆಗೆ ಹುಳಿವಾಸನೆ ಹೊಡೆದು ಸುಕ್ಕುಗಟ್ಟುತ್ತದೆ. ಕಣ್ಣನ್ನು ಕಪಾಟಿನಲ್ಲಿಟ್ಟು ಪೂಜಿಸಿ, ಆ ಕಣ್ಣು ಕಂಡದ್ದನ್ನು ತಿಪ್ಪೆಗೆ ಎಸೆಯುವುದು ಎಂಥ ವಿವೇಕ?

ಪಡಿಯಚ್ಚು ಉಳಿದರೆ ಏನಾಗುತ್ತದೆಂಬುದಕ್ಕೆ ಹಂಪೆಯೇ ದೃಷ್ಟಾಂತ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ದೊಡ್ಡ ಕಾಗದದ ಪಡಿಯಚ್ಚುಗಳಲ್ಲಿ ಹಂಪೆಯನ್ನು ಚಿತ್ರಿಸಿದನು. ಅವು ಉಳಿದುಬಂದುದರಿಂದ 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರಿಸಲು ಸಾಧ್ಯವಾಯಿತು. ಯಾವ ಕಂಬ ನಿಂತಿದೆ, ಯಾವುದು ಬಿದ್ದಿದೆ ಎಂದು ನಾಡು ತಿಳಿಯಿತು. ರೋಣದ ಪೇಟೆಗೆ, ನರಗುಂದದ ಓಣಿಗೆ, ಗಜೇಂದ್ರಗಡದ ಮಗ್ಗದ ಮನೆಗೆ ಗ್ರೀನ್‌ಲಾ ಬರಲಿಲ್ಲ. ಅವುಗಳಿಗೆ ಇರುವ ಸಾಕ್ಷಿ ಮನೆಮನೆಯ ಲಕೋಟೆಗಳೇ.

ಆದಕಾರಣ ಸಂಗ್ರಾಹಕರಲ್ಲಿ ನಮ್ಮ ಬಿನ್ನಹವಿಷ್ಟು. ಹಳೆಯ ಕ್ಯಾಮೆರಾ ಕೊಳ್ಳುವಾಗ ಮನೆಯವರನ್ನು ನೆಗೆಟಿವುಗಳ ವಿಷಯ ಕೇಳಿರಿ. ಅವನ್ನು ಬಿಳಿಯ ಬೆಳಕಿನ ಹಲಗೆಯ ಮೇಲಿಟ್ಟು ನಿಮ್ಮ ಡಿಜಿಟಲ್ ಕ್ಯಾಮೆರಾದಿಂದಲೇ ಪ್ರತಿ ತೆಗೆಯಿರಿ. ಚಿತ್ರದಲ್ಲಿರುವವರ ಹೆಸರು, ಊರು, ವರ್ಷಗಳನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಲಕೋಟೆಯ ಮೇಲೆ ಸೀಸದ ಕಡ್ಡಿಯಿಂದ ಬರೆಯಿರಿ. ಮೂಲವನ್ನು ಮನೆಯವರಿಗೆ ಹಿಂದಿರುಗಿಸಿರಿ. ಆಮೇಲೆ ಮಸೂರವನ್ನು ಧಾರಾಳವಾಗಿ ಒಯ್ದು ಗುಳ್ಳೆಗಳನ್ನು ತೇಲಿಸಿರಿ. ಯಾರ ಮುಖವನ್ನು ಕಾಣಲೆಂದು ಆ ಮೂರು ಗಾಜುಗಳು ಹೊಂದಿಕೊಂಡು ನಿಂತಿದ್ದವೋ ಅವರ ಹೆಸರು ಅಷ್ಟರಲ್ಲಿ ಉಳಿದಿರುತ್ತದೆ.