94 ಟೇಪುಗಳು

ಪುಣೆಯಲ್ಲಿ ಕೂತು ಅಮೆರಿಕದವರ ವ್ಯಾಜ್ಯದ ಇಮೇಲುಗಳನ್ನು ಓದಿ ವಿಂಗಡಿಸುವುದು ನನ್ನ ಹೊಟ್ಟೆಪಾಡು. ಕೆಲಸಕ್ಕೆ ಸೇರಿದ ಮೊದಲ ವಾರ ತರಬೇತಿಯಲ್ಲಿ ಮತ್ತೆ ಮತ್ತೆ ಒಂದು ಹೆಸರು ಕೇಳಿಬಂತು: ಜುಬುಲೇಕ್. ಯಾವುದೋ ಸಾಫ್ಟ್‌ವೇರ್ ಇರಬೇಕು ಅಂದುಕೊಂಡಿದ್ದೆ. ತೀರ್ಪುಗಳನ್ನು ತೆಗೆದು ಓದಿದ ಮೇಲೆ ತಿಳಿಯಿತು, ಅದು ಕೆಲಸ ಕಳೆದುಕೊಂಡ ಒಬ್ಬ ಮಹಿಳೆಯ ಹೆಸರು.

ಲಾರಾ ಜುಬುಲೇಕ್ 1999ರಲ್ಲಿ ಯುಬಿಎಸ್ ಎಂಬ ಸ್ವಿಸ್ ಬ್ಯಾಂಕಿನ ಅಮೆರಿಕದ ಕಚೇರಿಯಲ್ಲಿ ಏಷ್ಯಾದ ಷೇರುಗಳನ್ನು ಮಾರುವ ವಿಭಾಗಕ್ಕೆ ಸೇರಿದರು. ವರ್ಷಕ್ಕೆ ಸುಮಾರು 6.5 ಲಕ್ಷ ಡಾಲರ್ ಸಂಪಾದನೆ. ವಿಭಾಗದ ಮುಖ್ಯಸ್ಥನ ಹುದ್ದೆ ಖಾಲಿಯಾದಾಗ ಇನ್ನೊಬ್ಬರು ಬಂದರು. ಆತ ತನ್ನನ್ನು ಎಲ್ಲರೆದುರು ಹೀಯಾಳಿಸುತ್ತಾನೆ, ಹೆಣ್ಣೆಂದು ಬದಿಗೊತ್ತುತ್ತಾನೆ ಎಂದು ಲಾರಾ 2001ರ ಆಗಸ್ಟ್‌ನಲ್ಲಿ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಟ್ಟರು. ಅಕ್ಟೋಬರ್‌ನಲ್ಲಿ ಕೆಲಸ ಹೋಯಿತು. ಮರುವರ್ಷ ಫೆಬ್ರವರಿಯಲ್ಲಿ ಅವರು ನ್ಯೂಯಾರ್ಕಿನ ಫೆಡರಲ್ ಕೋರ್ಟಿಗೆ ಹೋದರು.

ಸಾಲದ ತಕರಾರಿಗೆ ಪತ್ರ ಇರುತ್ತದೆ, ಜಮೀನಿನದಕ್ಕೆ ಪಹಣಿ. ತಾರತಮ್ಯಕ್ಕೆ ಏನಿದೆ? ಹೆಣ್ಣೆಂಬ ಕಾರಣಕ್ಕೆ ಇವಳನ್ನು ತೆಗೆದಿದ್ದೇವೆ ಅಂತ ಯಾವ ಕಚೇರಿಯೂ ಆದೇಶ ಹೊರಡಿಸುವುದಿಲ್ಲ. ಪುರಾವೆ ಇದ್ದರೆ ಅವರವರು ಬರೆದುಕೊಂಡ ಇಮೇಲಿನಲ್ಲಿ. ಅದರ ಬೀಗದ ಕೈ ಇರುವುದು ಎದುರಾಳಿಯ ಬಳಿ.

ಬ್ಯಾಂಕ್ ಸುಮಾರು 100 ಪುಟ ಇಮೇಲ್ ಕೊಟ್ಟು ಇಷ್ಟೇ ಅಂದಿತು. ಲಾರಾ ಒಬ್ಬರೇ ಸುಮಾರು 450 ಪುಟ ಇಮೇಲ್ ಒದಗಿಸಿದ್ದರು! ಹಾಗಾದರೆ ಉಳಿದದ್ದು? ಬ್ಯಾಕಪ್ ಟೇಪುಗಳಲ್ಲಿ. ದಿನದ ಟೇಪನ್ನು ಬ್ಯಾಂಕ್ 20 ಕೆಲಸದ ದಿನ, ವಾರದ್ದನ್ನು ಒಂದು ವರ್ಷ, ತಿಂಗಳದ್ದನ್ನು ಮೂರು ವರ್ಷ ಇಟ್ಟುಕೊಳ್ಳುತ್ತಿತ್ತು. ಟೇಪ್ ಒಂದು ಫೋಟೋ ಇದ್ದ ಹಾಗೆ. ತೆಗೆದ ಕ್ಷಣದಲ್ಲಿ ಪೆಟ್ಟಿಗೆಯಲ್ಲಿ ಏನಿತ್ತೋ ಅಷ್ಟೇ. ತಿಂಗಳ ನಡುವೆ ಬಂದು ನಡುವೆಯೇ ಅಳಿಸಿಹೋದದ್ದು ತಿಂಗಳ ಟೇಪಿನಲ್ಲಿ ಸಿಗುವುದಿಲ್ಲ. ಸಂಬಂಧಪಟ್ಟ ಟೇಪುಗಳು 94. ತೆರೆಯಲು 1.75 ಲಕ್ಷ ಡಾಲರ್ ಬೇಕು, ಅಷ್ಟು ಖರ್ಚು ನಮ್ಮ ಮೇಲೆ ಹೇರಬೇಡಿ ಎಂದಿತು ಬ್ಯಾಂಕ್.

ಇಡೀ ಪ್ರಕರಣದ ತಿರುಳು ನನಗೆ ಕಂಡದ್ದು ಈ ಜಾಗದಲ್ಲಿ. ಹುಡುಕುವ ಖರ್ಚನ್ನು ದೂರು ಕೊಟ್ಟವರೇ ಹೊರಬೇಕೆಂದರೆ ದೂರು ಕೊಡುವವರೇ ಇರುವುದಿಲ್ಲ. ನ್ಯಾಯಾಧೀಶೆ ಶಿರಾ ಶೈಂಡ್ಲಿನ್ 2003ರ ಮೇ ತಿಂಗಳಲ್ಲಿ, ಮೊದಲು ಐದು ಟೇಪ್ ನಿಮ್ಮ ಖರ್ಚಿನಲ್ಲೇ ತೆರೆಯಿರಿ, ಆಮೇಲೆ ನೋಡೋಣ ಎಂದು ಬ್ಯಾಂಕಿಗೆ ಆದೇಶಿಸಿದರು. ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಸುಕಿ ನೋಡಿದ ಹಾಗೆ. ಐದರಲ್ಲೇ 600 ಇಮೇಲ್ ಸಿಕ್ಕವು. ಬಹಳ ಮುಖ್ಯವೆಂದು ಲಾರಾ ಆರಿಸಿ ಕೊಟ್ಟ 68ರಲ್ಲಿ ಒಂದೂ ತಾರತಮ್ಯದ ನೇರ ಸಾಕ್ಷಿಯಲ್ಲ ಎಂದು ನ್ಯಾಯಾಧೀಶೆಯೇ ಬರೆದರು. ಆದರೂ ಉಳಿದ ಟೇಪುಗಳನ್ನು ತೆರೆಯುವ ಖರ್ಚಿನಲ್ಲಿ ಮುಕ್ಕಾಲು ಪಾಲು ಬ್ಯಾಂಕಿನದು, ಕಾಲು ಪಾಲು ಲಾರಾ ಅವರದು ಎಂದು ಜುಲೈನಲ್ಲಿ ತೀರ್ಮಾನಿಸಿದರು.

ತೆರೆಯಲು ಹೋದರೆ ಕೆಲವು ಟೇಪುಗಳೇ ಇಲ್ಲ. ದಾಖಲೆ ಕಾಪಾಡುವ ಹೊಣೆ ಯಾವತ್ತಿನಿಂದ ಶುರು ಎಂಬ ಪ್ರಶ್ನೆ ಎದ್ದಿತು. ಆಯೋಗಕ್ಕೆ ದೂರು ಹೋದ ದಿನದಿಂದಲೇ? ಅದಕ್ಕೂ ಮುಂಚೆ, ಏಪ್ರಿಲ್‌ನಿಂದಲೇ, ಲಾರಾ ಬಗೆಗಿನ ಕೆಲವು ಇಮೇಲುಗಳಿಗೆ ಸಿಬ್ಬಂದಿ 'ವಕೀಲ-ಕಕ್ಷಿದಾರರ ಗೋಪ್ಯ' ಎಂಬ ತಲೆಬರಹ ಹಾಕಿದ್ದರು. ಅವುಗಳಲ್ಲಿ ವಕೀಲರೇ ಇರಲಿಲ್ಲ! ವ್ಯಾಜ್ಯ ಬರುತ್ತದೆಂದು ಅವರಿಗೆ ಆಗಲೇ ಗೊತ್ತಿತ್ತು, ಹೊಣೆಯೂ ಆಗಲೇ ಶುರುವಾಯಿತು ಎಂದರು ಶೈಂಡ್ಲಿನ್. ಯಾರನ್ನೂ ಕೂಗಾಡದೆ ಹಿಡಿದುಹಾಕಿದ ಈ ಭಾಗ ಓದುವಾಗ ನನಗೆ ನಗು ತಡೆಯಲಿಲ್ಲ.

ಅಳಿಸಬೇಡಿ ಎಂದು ವಕೀಲರು ಹೇಳಿದ ಮೇಲೂ ಸಿಬ್ಬಂದಿ ಇಮೇಲ್ ಅಳಿಸಿದ್ದರು. ಕೆಲವು ಟೇಪಿನಿಂದ ಮರಳಿ ಬಂದವು, ಲಾರಾ ಕೇಳಿ ಸುಮಾರು ಎರಡು ವರ್ಷವಾದ ಮೇಲೆ. ಕೆಲವು ಹೋದದ್ದು ಹೋಯಿತು. ಬಾಯಿಮಾತಿನಲ್ಲಿ ಹೇಳಿ ಸುಮ್ಮನಾದರೆ ಸಾಲದು, ಪಾಲಿಸಿದರೋ ಇಲ್ಲವೋ ಎಂದು ವಕೀಲರು ಬೆನ್ನುಹತ್ತಿ ನೋಡಬೇಕು ಎಂದಿತು 2004ರ ತೀರ್ಪು. ಕಳೆದುಹೋದ ಇಮೇಲುಗಳು ಬ್ಯಾಂಕಿಗೆ ವಿರುದ್ಧವಾಗಿಯೇ ಇದ್ದವೆಂದು ಊಹಿಸಿಕೊಳ್ಳಲು ಜ್ಯೂರಿಗೆ ಅವಕಾಶವನ್ನೂ ಕೊಟ್ಟಿತು. 2005ರ ಏಪ್ರಿಲ್‌ನಲ್ಲಿ ಜ್ಯೂರಿ ಹೇಳಿದ ಪರಿಹಾರ 2.93 ಕೋಟಿ ಡಾಲರ್, ಅದರಲ್ಲಿ 2.02 ಕೋಟಿ ದಂಡರೂಪದ್ದು.

2006ರ ಡಿಸೆಂಬರ್‌ನಲ್ಲಿ ಅಮೆರಿಕದ ಸಿವಿಲ್ ನಿಯಮಗಳಿಗೇ ವಿದ್ಯುನ್ಮಾನ ಮಾಹಿತಿ ಸೇರಿತು. 2015ರಲ್ಲಿ ಒಂದು ಹೆಜ್ಜೆ ಹಿಂದಕ್ಕೂ ಹೋದರು: ಎದುರಾಳಿಗೆ ಸಿಗಬಾರದೆಂಬ ಉದ್ದೇಶದಿಂದಲೇ ನಾಶ ಮಾಡಿದ್ದರೆ ಮಾತ್ರ ಅಂಥ ಊಹೆ. ಉದ್ದೇಶವನ್ನು ಸಾಬೀತು ಮಾಡಬೇಕಾದವರು ಮತ್ತೆ ದೂರುದಾರರೇ. ನನಗಿದು ಒಪ್ಪಿಗೆಯಿಲ್ಲ.

ನಮ್ಮ ದೇಶದಲ್ಲಿ ಅದೇ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ, ತನಗೆ ಅನುಕೂಲವಿರಲಿ ಇಲ್ಲದಿರಲಿ, ದಾಖಲೆ ತೋರಿಸಲೇಬೇಕೆನ್ನುತ್ತದೆ, ಕಂಪ್ಯೂಟರಿನಲ್ಲಿರುವುದನ್ನೂ ಸೇರಿಸಿ. ಅದು ವ್ಯಾಪಾರದ ಜಗಳಗಳಿಗೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆ ನಮ್ಮ ನಿಮ್ಮ ಕಚೇರಿಯ ಆಂತರಿಕ ಸಮಿತಿಗೂ ದಾಖಲೆ ತರಿಸಿಕೊಳ್ಳಲು ಸಿವಿಲ್ ಕೋರ್ಟಿನ ಅಧಿಕಾರವನ್ನೇ ಕೊಟ್ಟಿದೆ. ನಿಮ್ಮಲ್ಲಿ ಯಾರಾದರೂ ಅಂಥ ಸಮಿತಿಯಲ್ಲಿದ್ದರೆ ಮೊದಲ ದಿನವೇ ಐಟಿ ವಿಭಾಗಕ್ಕೆ ಬರೆಯಿರಿ, ಏನನ್ನೂ ಅಳಿಸಬೇಡಿ ಎಂದು.

ಈಗ ಹೊಸ ಕಡತ ಬಂದಾಗ ನಾನು ಮೊದಲು ನೋಡುವುದು ಅಳಿಸಬೇಡಿ ಎಂಬ ನೋಟಿಸಿನ ತಾರೀಖು. ಆಮೇಲೆ, ಆ ವಾರ ಯಾರ ಇಮೇಲ್ ಪೆಟ್ಟಿಗೆ ಇದ್ದಕ್ಕಿದ್ದಂತೆ ಹಗುರವಾಗಿದೆ ಎಂಬುದನ್ನು.