ಜಾಕಿಯೂ ಬೆಂಗಳೂರಿನ ವಿಮಾನ ಕಾರ್ಖಾನೆಯೂ

ನಮ್ಮ ಬೇಗೂರಿನ ದೇವಾಲಯದಲ್ಲಿರುವ, ಸುಮಾರು ಕ್ರಿ. ಶ. 890ರ ಶಾಸನವು ಬೆಂಗಳೂರೆಂಬ ಹೆಸರನ್ನು ಹೇಳುವುದೆಂಬ ಕಾರಣದಿಂದ ಪ್ರಸಿದ್ಧವಾಗಿದೆಯಷ್ಟೆ. ಅದರಲ್ಲಿ ಬೆಂಗಳೂರ ಕಾಳಗದಲ್ಲಿ ಮಡಿದನೆಂದು ಹೇಳಿರುವ ಬುಟ್ಟಣಸೆಟ್ಟಿಯು ಅರಸನಲ್ಲ, ಸಾಮಂತನಲ್ಲ. ನಾಗತ್ತರನ ಪರಿವಾರಕ್ಕೆ ಸೇರಿದವನು. ಪರಿವಾರದವನ ಹೆಸರನ್ನೂ ಕಲ್ಲಿನಲ್ಲಿ ಕೊರೆಯಿಸುವ ಔದಾರ್ಯವು ಅಂದಿನವರಿಗಿದ್ದಿತು. ನಮ್ಮ ಕಾಲದ ಚರಿತ್ರಕಾರರಾದರೋ ಬೆಂಗಳೂರಿನ ವಿಮಾನ ಕಾರ್ಖಾನೆಯ ವಿಷಯವನ್ನು ಬರೆಯುವಾಗ ಸ್ಥಾಪಕರನ್ನೂ ಹಾರಾಟದ ದಿನಗಳನ್ನೂ ವರ್ಣಿಸಿ ವಿರಮಿಸುವರು. ವಿಮಾನವನ್ನು ನೆಲದಿಂದೆತ್ತಿ, ಅದರ ಹೊಟ್ಟೆಯಡಿಯಲ್ಲಿ ಮಲಗಿ ದುಡಿದವರ ಪ್ರಸ್ತಾಪವೇ ಅಲ್ಲಿಲ್ಲ.

ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಕಾರದಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದುದು 1940ನೆಯ ಡಿಸೆಂಬರ್‌ನಲ್ಲಿ. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನವೊಂದು ಹಾರಿತು. ಆದರೆ ಯುದ್ಧವು ಪೂರ್ವದಿಕ್ಕಿಗೆ ಹಬ್ಬಿದ ಮೇಲೆ ಹೊಸ ವಿಮಾನಗಳ ನಿರ್ಮಾಣವು ಹಿಂದೆ ಬಿದ್ದು, 1943ರಲ್ಲಿ ಕಾರ್ಖಾನೆಯು ಅಮೆರಿಕದ ಸೇನಾ ವಾಯುಬಲದ ಆಡಳಿತಕ್ಕೆ ಬಂದು, 84ನೆಯ ಏರ್ ಡಿಪೋ ಎಂಬ ಹೆಸರಿನಿಂದ ದುರಸ್ತಿಯ ಕೇಂದ್ರವಾಯಿತು. ಡಕೋಟಗಳೂ ಬಾಂಬರುಗಳೂ ಇಲ್ಲಿಗೆ ಬಂದು ಸರಿಹೋಗಿ ಹಿಂದಿರುಗುತ್ತಿದ್ದವು. ಕ್ಯಾಟಲಿನಾ ಎಂಬ ಹಾರುವ ದೋಣಿಗಳು ನಮ್ಮೂರಿನಿಂದ ಈಶಾನ್ಯಕ್ಕಿರುವ ಬೆಳ್ಳಂದೂರು ಕೆರೆಯ ನೀರಿನ ಮೇಲೆಯೇ ಇಳಿಯುತ್ತಿದ್ದವು. ರೆಕ್ಕೆಯ ತುದಿಯಿಂದ ತುದಿಗೆ 104 ಅಡಿ! ಆ ದೋಣಿಗಳಲ್ಲಿ ಕೆಲವಕ್ಕೆ ತಮ್ಮದೇ ಗಾಲಿಗಳಿದ್ದವು. ಉಳಿದವನ್ನು ದಡಕ್ಕೆ ತರಬೇಕಾದರೆ ನೀರಿನಲ್ಲಿರುವಾಗಲೇ ಬೇರೆ ಗಾಲಿಗಳನ್ನು ಕಟ್ಟಬೇಕಾಗಿತ್ತು.

ಹೀಗೆ ಬಂದ ವಿಮಾನದ ಗಾಲಿಯನ್ನು ಕಳಚುವುದಕ್ಕೂ, ಗಾಲಿಗಳು ಸರಿಯಾಗಿ ಮಡಿಸಿಕೊಳ್ಳುವುವೋ ಇಲ್ಲವೋ ಎಂದು ಪರೀಕ್ಷಿಸುವುದಕ್ಕೂ ಅದನ್ನು ನೆಲದಿಂದ ಮೇಲೆತ್ತದೆ ಗತ್ಯಂತರವಿಲ್ಲ. ಎತ್ತುವ ಸಾಧನವೇ ಜಾಕಿ. ಮೋಟಾರಿನವರು ಬಳಸುವ ಜಾಕಿಯೂ ಇದೂ ಒಂದೇ ಕುಲದವು. ಮುಚ್ಚಿದ ಪಾತ್ರೆಯೊಳಗಣ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಎಲ್ಲೆಡೆಗೂ ಸಮನಾಗಿ ಹಬ್ಬುವುದೆಂಬ ಪಾಸ್ಕಲನ ಸಿದ್ಧಾಂತವು 1663ರಲ್ಲಿ ಅಚ್ಚಾಯಿತು. 1795ರಲ್ಲಿ ಇಂಗ್ಲೆಂಡಿನ ಬ್ರಾಮಾ ಎಂಬವನು ಅದರಿಂದ ಒತ್ತುಯಂತ್ರವನ್ನು ಮಾಡಿದನು. 1851ರಲ್ಲಿ ಅಮೆರಿಕದ ಡಜನ್ ಎಂಬವನು ಕೈಯಿಂದ ಒಯ್ಯಬಹುದಾದ, ದ್ರವದ ಒತ್ತಡದಿಂದೆತ್ತುವ ಜಾಕಿಗೆ ಹಕ್ಕು ಪಡೆದನು. ಒಂದು ಚದರಂಗುಲದ ಕೊಂತದ ಮೇಲೆ ನೂರು ಪೌಂಡು ಒತ್ತಿದರೆ, ಐವತ್ತು ಚದರಂಗುಲದ ಕೊಂತವು ಐದು ಸಾವಿರ ಪೌಂಡನ್ನೆತ್ತುವುದು. ಆದರೆ ದೊಡ್ಡದು ಒಂದಂಗುಲ ಏರಬೇಕಾದರೆ ಚಿಕ್ಕದು ಐವತ್ತಂಗುಲ ಚಲಿಸಬೇಕು. ಬಲವು ಪುಕ್ಕಟೆಯಾಗಿ ಬರುವುದಿಲ್ಲ.

(ಸಂಸ್ಕೃತವನ್ನೋದಿದವರನ್ನು ಕಂಡೊಡನೆ ವೈಮಾನಿಕ ಶಾಸ್ತ್ರದ ಮಾತನ್ನೆತ್ತುವವರುಂಟು. ಅದು ನಮ್ಮ ನೆರೆಯ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದಲ್ಲಿ ಹೇಳಿ ಬರೆಯಿಸಿದ ಗ್ರಂಥ. ಅದರಲ್ಲಿಯ ವಿಮಾನಗಳು ಹಾರಲಾರವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿಯೇ ಸಿದ್ಧಪಡಿಸಿರುವರು. ಹಾರಲಾರದ್ದಕ್ಕೆ ಜಾಕಿಯೇಕೆ?)

ಅದಂತಿರಲಿ. ಜಾಕಿಯನ್ನು ಆರಿಸುವಾಗ ಭಾರವೊಂದನ್ನೇ ನೋಡಿದರೆ ಸಾಲದು. ಮುಚ್ಚಿದಾಗ ಅದು ವಿಮಾನದಡಿ ಹಿಡಿಸಬೇಕು. ಏರಿದಾಗ ಗಾಲಿಯು ನೆಲವನ್ನು ಬಿಡುವಷ್ಟು ಎತ್ತರವಾಗಬೇಕು. ಒಂದು ಗಾಲಿಯನ್ನಷ್ಟೇ ಬದಲಾಯಿಸುವುದಕ್ಕೆ ಅಚ್ಚಿನಡಿ ಇಡುವ ಚಿಕ್ಕ ಜಾಕಿ ಸಾಕು; ಇಡಿಯ ವಿಮಾನವನ್ನೆತ್ತುವುದಕ್ಕೆ ಮುಕ್ಕಾಲಿನ ದೊಡ್ಡ ಜಾಕಿಗಳು ಬೇಕು. ವಿಮಾನದ ಮೈ ತೆಳುವಾದ ತಗಡು. ಎಲ್ಲೆಂದರಲ್ಲಿ ಜಾಕಿಯನ್ನೊತ್ತಿದರೆ ಹಪ್ಪಳದಂತೆ ಮುರಿದುಹೋಗುವುದು. ಒಳಗಿನ ತೊಲೆಗಳು ಕೂಡುವ, ನಿರ್ಮಾಪಕರು ಗೊತ್ತುಮಾಡಿದ ಸ್ಥಾನಗಳಲ್ಲಿಯೇ ಅದಕ್ಕೊಪ್ಪುವ ಬಟ್ಟಲನ್ನಿಟ್ಟು ಎತ್ತತಕ್ಕದ್ದು.

ಎತ್ತುವ ಕ್ರಮದಲ್ಲಿಯೇ ಪ್ರಾಣದ ಪ್ರಶ್ನೆಯಿರುವುದು. ನೆಲವು ಸಮವಾಗಿರಬೇಕು, ಗಾಳಿಯು ತಾಗಬಾರದು, ವಿಮಾನದೊಳಗೆ ಯಾರೂ ಇರಬಾರದು. ಟ್ಯಾಂಕಿಗಳ ಪೆಟ್ರೋಲನ್ನೂ ಕಳಚಿದ ಭಾಗಗಳನ್ನೂ ಲೆಕ್ಕ ಹಿಡಿದು ಭಾರದ ಕೇಂದ್ರವೆಲ್ಲಿದೆಯೆಂದು ತಿಳಿಯಬೇಕು. ಮುಂದಿನ ಎಂಜಿನನ್ನು ತೆಗೆದ ವಿಮಾನವು ಬಾಲದ ಮೇಲೆ ಕುಳಿತುಬಿಡುವುದುಂಟು. ಎಲ್ಲ ಜಾಕಿಗಳೂ ಒಬ್ಬನ ಮಾತಿಗೆ ಒಟ್ಟಾಗಿ ಏರಬೇಕು. ನಮ್ಮ ತೇರಿನ ಗಾಲಿಗೆ ಸನ್ನೆ ಹಾಕುವವರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹಲವರು ಕೂಗಿದರೆ ತೇರು ಓರೆಯಾಗುವುದು. ಕೊಂತವು ಏರಿದಂತೆಲ್ಲ ಅದರ ಸುತ್ತಣ ಬೀಗದ ತಿರುಪನ್ನು ಕೆಳಕ್ಕೆ ತಿರುಗಿಸುತ್ತ ಬರಬೇಕು. ಏಕೆಂದರೆ ಎಣ್ಣೆಯನ್ನು ಹಿಡಿದಿರುವುದು ಒಂದು ತೊಗಲಿನ ಅಥವಾ ರಬ್ಬರಿನ ಬಳೆ. ಅದು ಹರಿದರೆ ಟನ್ನುಗಟ್ಟಲೆ ಭಾರವು ಕಣ್ಣು ಮುಚ್ಚುವುದರೊಳಗೆ ಕೆಳಗಿರುವುದು. ತಿರುಪಿದ್ದರೆ ಭಾರವು ಎಣ್ಣೆಯನ್ನು ಬಿಟ್ಟು ಉಕ್ಕಿನ ಮೇಲೆ ನಿಲ್ಲುವುದು.

ಇಳಿಸುವಾಗಲೇ ಅಪಾಯ ಹೆಚ್ಚು. ಆತುರವಿರುತ್ತದೆ, ಕೆಲಸ ಮುಗಿಯಿತೆಂಬ ಸಮಾಧಾನವೂ ಇರುತ್ತದೆ. ಗಾಲಿಯ ಮೇಲಣ, ಪೆಟ್ಟನ್ನು ನುಂಗುವ ಕಂಬವು ಎತ್ತಿದಾಗ ಚಾಚಿಕೊಂಡು, ಇಳಿಸುವಾಗ ಒಂದೊಂದು ವೇಳೆ ಬಿಗಿಹಿಡಿದು ನಿಂತುಬಿಡುವುದು. ಮರುಕ್ಷಣವೇ ಜಾರಿ, ವಿಮಾನವು ಕುಸಿಯುವುದು. ಆಗ ಅದರಡಿಯಲ್ಲಿ ಏಣಿಯೋ ಪೆಟ್ಟಿಗೆಯೋ ಇದ್ದರೆ ತಗಡು ಹರಿಯುವುದು, ಮನುಷ್ಯನಿದ್ದರೆ ಹೇಳಬೇಕಾದುದೇನು?

ಕಾರ್ಖಾನೆಯು ಬೆಳೆದು 1951ನೆಯ ಆಗಸ್ಟ್ 5ರಂದು ಘಾಟಗೆಯವರು ರೂಪಿಸಿದ ಎಚ್. ಟಿ. 2 ವಿಮಾನವನ್ನೂ, 1961ನೆಯ ಜೂನ್ 17ರಂದು ಮಾರುತವನ್ನೂ ಹಾರಿಸಿತು. ಆ ದಿನಗಳು ಪುಸ್ತಕಗಳಲ್ಲಿವೆ. 1943ರಿಂದೀಚಿನ ಯುದ್ಧಕಾಲದಲ್ಲಿ ಜಾಕಿಯ ಹಿಡಿಯನ್ನು ಒತ್ತಿದವರ ಮನೆಗಳು ಹಲಸೂರು, ಮುರುಗೇಶಪಾಳ್ಯ, ನಮ್ಮ ಸುತ್ತಣ ಹಳ್ಳಿಗಳಲ್ಲಿ ಇನ್ನೂ ಇರಬಹುದು. ವಾಚಕರ ಮನೆಯ ಪೆಟ್ಟಿಗೆಗಳಲ್ಲಿ ಡಿಪೋವಿನ ಕಾಲದ ಹಾಜರಿ ಚೀಟಿಯೋ, ಬಿಲ್ಲೆಯೋ, ಭಾವಚಿತ್ರವೋ ಇದ್ದಲ್ಲಿ, ಹೆಸರನ್ನೂ ವರ್ಷವನ್ನೂ ಹಿಂಬದಿಯಲ್ಲಿ ಬರೆದು, ಅದರದೊಂದು ಪ್ರತಿಯನ್ನು ನಮ್ಮ ಸಂಘಕ್ಕೆ ಕಳುಹಿಸಿಕೊಡಬೇಕಾಗಿ ಕೋರುತ್ತೇನೆ.